ಗಾಲಿಯ ಮೇಲಿನ ಮನೆ: ರಜೆ ಯಾರಿಗೆ?

ಪ್ರವಾಸ ಎಂದೊಡನೆ ಮನೆಮಂದಿಗೆಲ್ಲ ಖುಷಿ. ಮಕ್ಕಳು ಕುಣಿಯುತ್ತಾರೆ, ಗಂಡಸರು ಗಾಡಿ ಗೊತ್ತು ಮಾಡುತ್ತಾರೆ. ಆದರೆ ಆ ಖುಷಿಯ ಮುನ್ನಾದಿನವೂ ಮರುದಿನವೂ ಯಾರ ಪಾಲಿಗೆ ಬೀಳುತ್ತದೆ ಎಂದು ನೀವು ಎಂದಾದರೂ ಲೆಕ್ಕ ಹಾಕಿದ್ದೀರಾ? ಒಂದೇ ದಿನದ ಮಟ್ಟಿಗೆ ಜೋಗಕ್ಕೋ ಮಲ್ಪೆಗೋ ಹೊರಟರೂ ಮನೆಯಾಕೆ ಬೆಳಗಿನ ಜಾವವೇ ಏಳಬೇಕು. ಬಿರಿಯಾನಿ ದಮ್ಮಿಗೆ ಇಡಬೇಕು, ತಟ್ಟೆ-ಲೋಟ ಕಟ್ಟಬೇಕು. ಮಗುವಿನ ಬಟ್ಟೆ, ಅಜ್ಜಿಯ ಮಾತ್ರೆ, ಕುಡಿಯುವ ನೀರು ಎಲ್ಲವೂ ಅವಳ ನೆನಪಿನಲ್ಲೇ ಇರಬೇಕು. ರಾತ್ರಿ ಮರಳಿ ಬಂದು "ಟೂರ್ ಬಹಳ ಚೆನ್ನಾಗಿತ್ತು" ಎಂದು ಎಲ್ಲರೂ ಮಲಗಿದ ಮೇಲೆ, ಎಣ್ಣೆ ಹಿಡಿದ ಪಾತ್ರೆಗಳು ಸಿಂಕಿನಲ್ಲಿ ಅವಳಿಗಾಗಿಯೇ ಕಾದಿರುತ್ತವೆ.

ಅಮೆರಿಕದಲ್ಲಿ ಬಹಳ ಕುಟುಂಬಗಳು ಅಡುಗೆಮನೆಯನ್ನೇ ಗಾಲಿಯ ಮೇಲೆ ಕೂರಿಸಿಕೊಂಡು ಪ್ರವಾಸ ಹೊರಡುತ್ತವೆ. ಅಡುಗೆಮನೆ ಮಾತ್ರವಲ್ಲ, ಹಾಸಿಗೆ, ಬಚ್ಚಲು, ಪಾಯಿಖಾನೆ, ಫ್ರಿಜ್ ಎಲ್ಲವೂ ಅದೇ ಗಾಡಿಯೊಳಗೆ! ಇದಕ್ಕೆ ರಿಕ್ರಿಯೇಶನಲ್ ವೆಹಿಕಲ್ ಎಂದು ಹೆಸರು. ಚುಟುಕಾಗಿ ಆರ್‌ವಿ ಎನ್ನುತ್ತಾರೆ. ಬೇಸಿಗೆ ರಜೆಯಲ್ಲಿ ಎರಡು-ಮೂರು ದಿನ ಇದರಲ್ಲಿ ಹೊರಟು, ಒಂದು ಬೇಸ್‌ಬಾಲ್ ಪಂದ್ಯ ನೋಡಿ, ಒಂದು ಪಾರ್ಕಿನಲ್ಲಿ ಸುತ್ತಾಡಿ ಮನೆಗೆ ಮರಳುವುದು ಅಲ್ಲಿನ ಕುಟುಂಬಗಳಿಗೆ ಬಲು ಪ್ರಿಯವಾದ ಪ್ರವಾಸ.

ಇದನ್ನು ನಮಗೇಕೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಹೋಗಿ ಕೆಲವು ತಿಂಗಳು ಇದ್ದು ಬರುವ ತಾಯಂದಿರೂ ಅತ್ತೆಯಂದಿರೂ ನಿಮ್ಮಲ್ಲಿರಬಹುದು. "ಉಮ್ಮಾ, ಈ ವಾರ ಆರ್‌ವಿಯಲ್ಲಿ ಹೋಗೋಣ" ಎಂದು ಮಗ ಕರೆದಾಗ ಆ ಗಾಡಿ ಏನು, ಆ ಆಟ ಏನು ಎಂದು ನಿಮಗೆ ಮೊದಲೇ ಗೊತ್ತಿರಲಿ. ಅದಕ್ಕಿಂತ ಮುಖ್ಯವಾಗಿ, ಅಡುಗೆಮನೆಯೂ ಜೊತೆಗೆ ಬರುವ ಪ್ರವಾಸದಲ್ಲಿ ರಜೆ ಯಾರಿಗೆ ಎಂಬ ಪ್ರಶ್ನೆ ಊರಲ್ಲೇ ಇರುವ ನಮಗೂ ಸಂಬಂಧಿಸಿದ್ದೇ ಅಲ್ಲವೇ?

ಈ ಗಾಡಿ ಎಂತಹದು?

ಆರ್‌ವಿಗಳಲ್ಲಿ ಹಲವು ಬಗೆ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರೇಲರ್‌ಗಳಿವೆ. ತಾನೇ ಓಡುವ ಗಾಡಿಗೆ ಮೋಟಾರ್‌ಹೋಮ್ ಎನ್ನುತ್ತಾರೆ. ಅದರಲ್ಲಿ ದೊಡ್ಡ ಬಸ್ಸಿನಂತಿರುವುದು 'ಎ' ವರ್ಗ, ವ್ಯಾನಿನಷ್ಟು ಚಿಕ್ಕದು 'ಬಿ' ವರ್ಗ. ಕುಟುಂಬಗಳು ಹೆಚ್ಚಾಗಿ ಬಾಡಿಗೆಗೆ ಪಡೆಯುವುದು 'ಸಿ' ವರ್ಗದ ಗಾಡಿಯನ್ನು. ಚಾಲಕನ ತಲೆಯ ಮೇಲ್ಭಾಗದಲ್ಲಿ ಹಾಸಿಗೆಯ ಅಟ್ಟ ಇರುವುದು ಇದರ ಗುರುತು. ಮಕ್ಕಳು ಮೊದಲು ಜಗಳವಾಡುವುದು ಆ ಅಟ್ಟಕ್ಕಾಗಿಯೇ. ಹಗಲು ಊಟದ ಮೇಜಾಗಿದ್ದದ್ದು ರಾತ್ರಿ ಮಡಚಿದರೆ ಮಂಚವಾಗುತ್ತದೆ. ಎರಡು ಮೂರು ಬರ್ನರ್‌ಗಳ ಗ್ಯಾಸ್ ಒಲೆ, ಪುಟ್ಟ ಸಿಂಕ್, ಬಾಗಿಲು ಹಾಕಿದರೆ ಮೊಣಕೈ ತಾಗುವಷ್ಟು ಕಿರಿದಾದ ಬಚ್ಚಲು, ಇಷ್ಟೂ ಸುಮಾರು 25 ಅಡಿ ಉದ್ದದ ಗಾಡಿಯಲ್ಲಿ ಅಡಗಿರುತ್ತವೆ.

ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಚಿಕ್ಕ ಊರಿನಲ್ಲಿ 1958ರಲ್ಲಿ ಆರಂಭವಾದ ವಿನ್ನೆಬಾಗೊ ಕಂಪೆನಿ 1966ರಿಂದ ಇಂತಹ ಮೋಟಾರ್‌ಹೋಮ್‌ಗಳನ್ನು ತಯಾರಿಸತೊಡಗಿತು. ಆ ಹೆಸರು ಎಷ್ಟು ಪ್ರಸಿದ್ಧವಾಯಿತೆಂದರೆ ಯಾವ ಕಂಪೆನಿಯ ಗಾಡಿಯನ್ನೂ ಜನ ವಿನ್ನೆಬಾಗೊ ಎಂದೇ ಕರೆಯುವಂತಾಯಿತು.

ಇದು ಅಗ್ಗದ ಪ್ರವಾಸ ಎಂದು ಮಾತ್ರ ಭಾವಿಸಬೇಡಿ. ದಿನದ ಬಾಡಿಗೆ, ಓಡಿದ ಮೈಲಿಗೆ ಬೇರೆ ಹಣ, ವಿಮೆ, ರಾತ್ರಿ ನಿಲ್ಲಿಸುವ ಜಾಗಕ್ಕೆ ಶುಲ್ಕ, ಹೀಗೆ ಖರ್ಚು ಬೆಳೆಯುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಈ ಗಾಡಿ ಓಡುವುದು ಮೂರೂವರೆ-ನಾಲ್ಕು ಕಿಲೋಮೀಟರ್ ಮಾತ್ರ. ಆದ್ದರಿಂದ ಹೊರಡುವ ಮೊದಲು ಹೋಟೆಲ್ ಮತ್ತು ಕಾರಿನ ಖರ್ಚಿನೊಡನೆ ಹೋಲಿಸಿ ನೋಡುವುದು ಜಾಣತನ.

ಎಷ್ಟು ಕೊಡ ನೀರು?

ಈ ಗಾಡಿಯ ನಿಜವಾದ ಪಾಠ ಇರುವುದು ನೀರಿನಲ್ಲಿ. ಗಾಡಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕುಗಳಿರುತ್ತವೆ. ಒಂದು ಶುದ್ಧ ನೀರಿಗೆ. ಎರಡನೆಯದು ಸಿಂಕ್ ಮತ್ತು ಬಚ್ಚಲಿನ ಬಳಸಿದ ನೀರಿಗೆ. ಇದನ್ನು ಬೂದು ನೀರು ಎನ್ನುತ್ತಾರೆ. ಮೂರನೆಯದು ಪಾಯಿಖಾನೆಯದು, ಅದು ಕಪ್ಪು ನೀರು. ಮಧ್ಯಮ ಗಾತ್ರದ ಗಾಡಿಯ ಶುದ್ಧ ನೀರಿನ ಟ್ಯಾಂಕಿನಲ್ಲಿ ಸಾಮಾನ್ಯವಾಗಿ 115ರಿಂದ 190 ಲೀಟರ್ ನೀರು ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಎಂಟರಿಂದ ಹನ್ನೆರಡು ಕೊಡ! ಐದಾರು ಮಂದಿಯ ಸ್ನಾನ, ಅಡುಗೆ, ಪಾತ್ರೆ, ವುಝೂ ಎಲ್ಲವೂ ಅಷ್ಟರಲ್ಲೇ ಆಗಬೇಕು. ಅನೇಕ ಗಾಡಿಗಳಲ್ಲಿ ಬಿಸಿನೀರಿನ ಟ್ಯಾಂಕ್ 22 ಲೀಟರಿನಷ್ಟೇ. ಮಗ ಹಾಡಿಕೊಂಡು ಸ್ನಾನ ಮಾಡಿದರೆ ಅವನ ಹಿಂದೆ ಬರುವ ತಂಗಿಗೆ ತಣ್ಣೀರೇ ಗತಿ.

ನಳ್ಳಿ ತಿರುಗಿಸಿದರೆ ನೀರು ಬರುವ ಮನೆಯಲ್ಲಿ ಬೆಳೆದ ಮಕ್ಕಳಿಗೆ ನೀರಿಗೆ ಲೆಕ್ಕವಿದೆ ಎಂಬುದೇ ಗೊತ್ತಿರುವುದಿಲ್ಲ. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದಂತೂ ದೊಡ್ಡವರಿಗೂ ಗೊತ್ತಿರುವುದಿಲ್ಲ. ಇಲ್ಲಿ ಎರಡೂ ಕಣ್ಣಿಗೆ ಕಾಣುತ್ತವೆ. ಟ್ಯಾಂಕ್ ತುಂಬಿತೇ, ಖಾಲಿಯಾಯಿತೇ ಎಂದು ಗೋಡೆಯ ಮೇಲಿನ ದೀಪಗಳು ತೋರಿಸುತ್ತವೆ. ಅಡುಗೆಮನೆಯಲ್ಲಿ ನಿತ್ಯ ನಡೆಯುವ, ಯಾರೂ ಗಮನಿಸದ ಲೆಕ್ಕಾಚಾರ ಈ ಗಾಡಿಯಲ್ಲಿ ಇಡೀ ಕುಟುಂಬದ ಲೆಕ್ಕಾಚಾರವಾಗಿಬಿಡುತ್ತದೆ.

ಶಿಕಾಗೋದಿಂದ ಸೇಂಟ್ ಲೂಯಿಸ್‌ಗೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಮಗನ ಮನೆ ಶಿಕಾಗೋದಲ್ಲಿದೆ ಎಂದಿಟ್ಟುಕೊಳ್ಳಿ. ಶಿಕಾಗೋದ ತಂಡ ಕಬ್ಸ್, ಸೇಂಟ್ ಲೂಯಿಸ್‌ನ ತಂಡ ಕಾರ್ಡಿನಲ್ಸ್. ಇವೆರಡರ ನಡುವಿನ ಪೈಪೋಟಿ ಬಹಳ ಹಳೆಯದು. ಕಬ್ಸ್ ಸೇಂಟ್ ಲೂಯಿಸ್‌ಗೆ ಆಡಲು ಹೋದಾಗ ನೀಲಿ ಅಂಗಿ ತೊಟ್ಟ ಶಿಕಾಗೋ ಕುಟುಂಬಗಳೂ ಅದರ ಹಿಂದೆಯೇ ಹೋಗುತ್ತವೆ. ಇಂಟರ್‌ಸ್ಟೇಟ್ 55 ಎಂಬ ಹೆದ್ದಾರಿಯಲ್ಲಿ ಸುಮಾರು 480 ಕಿಲೋಮೀಟರ್ ದಾರಿ. ಕಾರಿನಲ್ಲಿ ಐದು ಗಂಟೆಯೊಳಗೆ ಮುಟ್ಟಬಹುದು, ಈ ಗಾಡಿಗೆ ಆರು ಗಂಟೆ ಇಟ್ಟುಕೊಳ್ಳುವುದು ಒಳ್ಳೆಯದು. ಶುಕ್ರವಾರ ಜುಮಾ ಮುಗಿಸಿ ಹೊರಟರೆ ಕತ್ತಲಾಗುವ ಮೊದಲು ತಲಪಬಹುದು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಯ ಹೊತ್ತಿಗೆ.

ದಾರಿಯಲ್ಲಿ ನೆನಪಿಡಬೇಕಾದ ಕೆಲವು ವಿಷಯಗಳಿವೆ. ಹಿಂದೆ ಒಲೆಯೂ ಫ್ರಿಜ್ಜೂ ಇದೆ ಎಂದು ಓಡುವ ಗಾಡಿಯಲ್ಲಿ ಎದ್ದು ಚಹಾ ಮಾಡಲು ಹೋಗಬಾರದು. ಗ್ಯಾಸ್ ಒಲೆ ಹೊತ್ತಿಸುವುದಂತೂ ಬೇಡವೇ ಬೇಡ. ಎಲ್ಲರೂ ಸೀಟ್ ಬೆಲ್ಟ್ ಕಟ್ಟಿ ಕುಳಿತಿರಬೇಕು. ಕಪಾಟುಗಳ ಚಿಲಕ ಹಾಕದಿದ್ದರೆ ಮೊದಲ ತಿರುವಿನಲ್ಲೇ ತಟ್ಟೆಗಳೆಲ್ಲ ನೆಲಕ್ಕೆ. ಗಾಡಿಯ ಎತ್ತರ 11-12 ಅಡಿ ಇರುವುದರಿಂದ ತಗ್ಗಾದ ಸೇತುವೆ, ಪೆಟ್ರೋಲ್ ಬಂಕಿನ ಮಾಡು, ಕಾರು ನಿಲ್ಲಿಸುವ ಕಟ್ಟಡಗಳ ಬಗ್ಗೆ ಎಚ್ಚರ ಬೇಕು. ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಚಾಲಕನ ಎದುರು ಅಂಟಿಸುವುದು ಅನುಭವಸ್ಥರ ರೂಢಿ.

ರಾತ್ರಿ ತಂಗುವುದು ನಗರದ ಹೊರಗಿನ ಕ್ಯಾಂಪ್‌ಗ್ರೌಂಡಿನಲ್ಲಿ. ಅಲ್ಲಿ ಪ್ರತಿ ಗಾಡಿಗೂ ಒಂದು ಜಾಗ, ಮರದ ನೆರಳು, ಕುಳಿತು ಉಣ್ಣಲು ಮೇಜು-ಬೆಂಚು. ವಿದ್ಯುತ್, ನೀರು, ಕೊಳೆನೀರಿನ ಕೊಳವೆ ಮೂರನ್ನೂ ಗಾಡಿಗೆ ಜೋಡಿಸುವ ವ್ಯವಸ್ಥೆ ಕೆಲವು ಕಡೆ ಇರುತ್ತದೆ. ಕೆಲವು ಕಡೆ ವಿದ್ಯುತ್ ಮಾತ್ರ. ಬೇಸಿಗೆಯ ವಾರಾಂತ್ಯಗಳಲ್ಲಿ ಜಾಗ ಬೇಗ ತುಂಬುವುದರಿಂದ ಮುಂಗಡವಾಗಿ ಕಾದಿರಿಸಬೇಕು. ರಾತ್ರಿ ಹತ್ತರ ನಂತರ ಗದ್ದಲ ಮಾಡುವಂತಿಲ್ಲ ಎಂಬುದು ಬಹುತೇಕ ಎಲ್ಲ ಕಡೆಯ ನಿಯಮ. ಗಾಡಿಯ ಪಕ್ಕದ ಹುಲ್ಲಿನ ಮೇಲೆ ಚಾಪೆ ಹಾಸಿ ಮನೆಮಂದಿಯೆಲ್ಲ ಒಟ್ಟಿಗೆ ನಮಾಝ್ ಮಾಡಿ, ಅಲ್ಲೇ ಕುಳಿತು ಮಾತನಾಡುವ ಆ ಒಂದು ಗಂಟೆ ದೊಡ್ಡ ಹೋಟೆಲಿನ ಕೋಣೆಯಲ್ಲಿ ಸಿಗಲಾರದು.

ಎಲ್ಲರಿಗೂ ಸರದಿ ಬರುವ ಆಟ

ಶನಿವಾರ ಪಂದ್ಯ. ಗಾಡಿಯನ್ನು ಕ್ಯಾಂಪ್‌ಗ್ರೌಂಡಿನಲ್ಲೇ ಬಿಟ್ಟು ನಗರಕ್ಕೆ ಟ್ಯಾಕ್ಸಿಯಲ್ಲೋ ಮೆಟ್ರೋಲಿಂಕ್ ರೈಲಿನಲ್ಲೋ ಹೋಗುವುದು ಮೇಲು. ಇಲಿನಾಯ್ ಕಡೆಯಿಂದ ಬರುವ ರೈಲು 1874ರಲ್ಲಿ ಕಟ್ಟಿದ ಈಡ್ಸ್ ಸೇತುವೆಯ ಮೇಲೆ ಮಿಸಿಸಿಪ್ಪಿ ನದಿಯನ್ನು ದಾಟುತ್ತದೆ. ಬುಷ್ ಸ್ಟೇಡಿಯಮ್ಮಿನ ಪಕ್ಕದಲ್ಲೇ ರೈಲಿನ ನಿಲ್ದಾಣವಿದೆ. 2006ರಲ್ಲಿ ತೆರೆದ ಈ ಸ್ಟೇಡಿಯಮ್ಮಿನಲ್ಲಿ ಸುಮಾರು 44 ಸಾವಿರ ಮಂದಿ ಕೂರಬಹುದು.

ಕ್ರಿಕೆಟ್ ನೋಡಿ ಬೆಳೆದ ನಮ್ಮ ಕಣ್ಣಿಗೆ ಬೇಸ್‌ಬಾಲ್ ಮೊದಲಿಗೆ ವಿಚಿತ್ರವಾಗಿ ಕಾಣುತ್ತದೆ. ತಂಡಕ್ಕೆ ಒಂಬತ್ತು ಮಂದಿ, ಒಂಬತ್ತು ಇನ್ನಿಂಗ್ಸ್. ಒಂದು ಇನ್ನಿಂಗ್ಸಿನಲ್ಲಿ ಪ್ರತಿ ತಂಡದ ಮೂವರು ಔಟಾದರೆ ಅವರ ಸರದಿ ಮುಗಿಯಿತು. ಮೈದಾನದಲ್ಲಿ ಚೌಕಾಕಾರವಾಗಿ ನಾಲ್ಕು ನೆಲೆಗಳು. ಒಂದರಿಂದ ಇನ್ನೊಂದಕ್ಕೆ 90 ಅಡಿ. ಚೆಂಡನ್ನು ಹೊಡೆದವನು ಬ್ಯಾಟನ್ನು ಅಲ್ಲೇ ಬಿಸಾಡಿ ಓಡಬೇಕು, ನಾಲ್ಕೂ ನೆಲೆ ಸುತ್ತಿ ಹೊರಟಲ್ಲಿಗೇ ಮರಳಿದರೆ ಒಂದು ರನ್. ಆ ಹೊರಟ ಜಾಗದ ಹೆಸರೇನು ಗೊತ್ತೇ? 'ಹೋಮ್', ಅಂದರೆ ಮನೆ! ಚೆಂಡು ಮೈದಾನದ ಗೋಡೆ ದಾಟಿ ಪ್ರೇಕ್ಷಕರ ನಡುವೆ ಬಿದ್ದರೆ ಅದು ಹೋಮ್ ರನ್, ನಮ್ಮ ಸಿಕ್ಸರಿನಂತೆ. ಆದರೆ ಇಲ್ಲಿ ಚೆಂಡನ್ನು ಹಿಂದಿರುಗಿಸಬೇಕಾಗಿಲ್ಲ. ಹಿಡಿದವರಿಗೆ ಅದು ಸ್ವಂತ. ಅದಕ್ಕೇ ಮಕ್ಕಳು ಗ್ಲೌಸ್ ಹಾಕಿಕೊಂಡು ಕುಳಿತಿರುತ್ತಾರೆ.

ಒಂದು ನಿಯಮ ಮಾತ್ರ ನನಗೆ ಬಹಳ ಹಿಡಿಸಿದೆ. ಕ್ರಿಕೆಟಿನಲ್ಲಿ ಚೆನ್ನಾಗಿ ಆಡುವವನು ಔಟಾಗುವವರೆಗೆ ದಿನವಿಡೀ ಆಡುತ್ತಿರಬಹುದು. ಬೇಸ್‌ಬಾಲಿನಲ್ಲಿ ಹಾಗಿಲ್ಲ. ಒಂಬತ್ತು ಮಂದಿ ಬ್ಯಾಟ್ಸ್‌ಮನ್‌ಗಳ ಹೆಸರು ಒಂದು ಪಟ್ಟಿಯಲ್ಲಿ ಬರೆದಿರುತ್ತದೆ. ಎಷ್ಟೇ ದೊಡ್ಡ ಆಟಗಾರನಾದರೂ ತನ್ನ ಸರದಿ ಮುಗಿಸಿ ಉಳಿದ ಎಂಟು ಮಂದಿಗಾಗಿ ಕಾಯಬೇಕು. ಎಷ್ಟೇ ದುರ್ಬಲನಾದರೂ ಸರದಿ ಬಂದಾಗ ಬ್ಯಾಟ್ ಹಿಡಿಯಲೇಬೇಕು. "ನನಗೆ ಬರುವುದಿಲ್ಲ, ಅವನೇ ಆಡಲಿ" ಎನ್ನುವಂತಿಲ್ಲ. ನಮ್ಮ ಮನೆಗಳಲ್ಲಿ ಚಹಾ ಮಾಡುವ ವಿಷಯ ಬಂದಾಗ ಈ ಮಾತನ್ನು ಎಷ್ಟು ಸಲ ಕೇಳಿದ್ದೇವೆ, ಯೋಚಿಸಿ ನೋಡಿ!

ಆಟ ಎಷ್ಟು ಹೊತ್ತು ಎಂದು ಚಿಂತಿಸಬೇಡಿ. 2022ರವರೆಗೆ ಒಂದು ಪಂದ್ಯಕ್ಕೆ ಸರಾಸರಿ ಮೂರು ಗಂಟೆಗೂ ಹೆಚ್ಚು ಸಮಯ ಹಿಡಿಯುತ್ತಿತ್ತು. 2023ರಲ್ಲಿ ಚೆಂಡೆಸೆಯುವವನಿಗೆ ಸೆಕೆಂಡುಗಳ ಗಡುವು ವಿಧಿಸಿದ ಮೇಲೆ ಅದು ಸುಮಾರು ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿಯಿತು. ಬಿಸಿಲು ಮಾತ್ರ ಜೋರು. ಜುಲೈಯಲ್ಲಿ ಅಲ್ಲಿನ ಹಗಲು 30 ಡಿಗ್ರಿ ದಾಟುತ್ತದೆ. ಅಜ್ಜಿ ಅಥವಾ ಚಿಕ್ಕ ಮಗು ಜೊತೆಗಿದ್ದರೆ ನೆರಳಿನ ಕಡೆಯ ಸೀಟು ಕೇಳಿ ಪಡೆಯಿರಿ.

ಊಟದ ವಿಷಯವನ್ನೂ ಹೇಳಬೇಕು. ಸ್ಟೇಡಿಯಂಗಳಲ್ಲಿ ಮಾರುವ ಹಾಟ್ ಡಾಗ್ ನಮಗೆ ಆಗದು. ಮದ್ಯವೂ ಧಾರಾಳವಾಗಿ ಹರಿಯುತ್ತದೆ. ಬುಷ್ ಎಂಬ ಹೆಸರೇ ಮದ್ಯ ತಯಾರಿಸುವ ಮನೆತನದ್ದು. ಆದರೆ ಈ ಸ್ಟೇಡಿಯಂ ಮನೆಯಿಂದ ತಂದ ತಿಂಡಿಯನ್ನು ಒಳಗೆ ಬಿಡುವುದಕ್ಕೂ ಹೆಸರಾಗಿದೆ. ಗಾಜಿನ ಬಾಟಲಿ ಮತ್ತು ಗಟ್ಟಿ ಪೆಟ್ಟಿಗೆಗಳಿಗೆ ಅವಕಾಶವಿಲ್ಲ. ಟಿಕೆಟ್ ಕೊಳ್ಳುವಾಗ ಆ ವರ್ಷದ ನಿಯಮ ಓದಿಕೊಳ್ಳಿ, ಮದ್ಯವಿಲ್ಲದ ಕುಟುಂಬ ವಿಭಾಗ ಇದೆಯೇ ಎಂದೂ ವಿಚಾರಿಸಿ. ಹುರಿದ ಶೇಂಗಾ ಬೇಸ್‌ಬಾಲಿನ ಸಾಂಪ್ರದಾಯಿಕ ತಿನಿಸು, ಅದಕ್ಕೇನೂ ಅಡ್ಡಿಯಿಲ್ಲ.

ಹಾಡಿನೊಳಗಿನ ಹುಡುಗಿ

ಏಳನೆಯ ಇನ್ನಿಂಗ್ಸಿನ ನಡುವೆ ಸ್ಟೇಡಿಯಂ ಪೂರ್ತಿ ಎದ್ದು ನಿಂತು ಮೈ ಮುರಿದು ಒಂದು ಹಾಡು ಹಾಡುವುದು ರೂಢಿ. "ಟೇಕ್ ಮಿ ಔಟ್ ಟು ದ ಬಾಲ್ ಗೇಮ್" ಎಂಬ ಆ ಹಾಡು 1908ರದ್ದು. ಜ್ಯಾಕ್ ನಾರ್ವರ್ತ್ ಬರೆದದ್ದು. ಜನ ಹಾಡುವುದು ಪಲ್ಲವಿ ಮಾತ್ರ. ಹಾಡಿನ ಪೂರ್ತಿ ಕಥೆ ಬಹಳ ಮಂದಿಗೆ ಗೊತ್ತಿಲ್ಲ. ಅದರಲ್ಲಿ ಆಟಕ್ಕೆ ಕರೆದುಕೊಂಡು ಹೋಗು ಎಂದು ಕೇಳುವವಳು ಕೇಟೀ ಕೇಸಿ ಎಂಬ ಹುಡುಗಿ! ನಾಟಕಕ್ಕೆ ಕರೆದೊಯ್ಯಲು ಬಂದ ಯುವಕನಿಗೆ ಅವಳು, ಅದು ಬೇಡ, ನನಗೆ ಬೇಸ್‌ಬಾಲೇ ಬೇಕು ಎನ್ನುತ್ತಾಳೆ. ಅಮೆರಿಕದ ಮಹಿಳೆಯರಿಗೆ ದೇಶದಾದ್ಯಂತ ಮತದಾನದ ಹಕ್ಕು ದೊರೆತದ್ದು 1920ರಲ್ಲಿ. ಅದಕ್ಕಿಂತ ಹನ್ನೆರಡು ವರ್ಷ ಮೊದಲೇ ಬಂದ ಹಾಡಿದು. ಮನೆಯ ಹೆಣ್ಣಿಗೆ ಎಲ್ಲಿಗೆ ಹೋಗಬೇಕೆಂಬ ತನ್ನದೇ ಇಷ್ಟವಿದೆ, ಅದನ್ನು ಅವಳು ಬಾಯಿಬಿಟ್ಟು ಹೇಳಬಹುದು ಎಂಬುದು ಅದರ ತಿರುಳು.

ಹೆಣ್ಣುಮಕ್ಕಳು ನೋಡಿದ್ದಷ್ಟೇ ಅಲ್ಲ, ಆಡಿದ್ದಾರೆ ಕೂಡ. ಎರಡನೆಯ ಮಹಾಯುದ್ಧದಲ್ಲಿ ಗಂಡು ಆಟಗಾರರು ಸೈನ್ಯಕ್ಕೆ ಹೋದಾಗ 1943ರಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಆರಂಭವಾಗಿ 1954ರವರೆಗೆ ನಡೆಯಿತು. ಆ ಆಟಗಾರ್ತಿಯರು ಸ್ಕರ್ಟ್ ತೊಟ್ಟೇ ಆಡಬೇಕಿತ್ತು. ಆರಂಭದಲ್ಲಿ ಅವರನ್ನು ನಯ-ನಾಜೂಕು ಕಲಿಸುವ ತರಗತಿಗೂ ಕಳುಹಿಸಲಾಗುತ್ತಿತ್ತು. ಪುರುಷರ ಅತ್ಯುನ್ನತ ಲೀಗಿನ ಪಂದ್ಯದಲ್ಲಿ ಒಬ್ಬ ಮಹಿಳೆ ಅಂಪೈರ್ ಆಗಿ ನಿಲ್ಲಲು 2025ರ ಆಗಸ್ಟ್ ತಿಂಗಳವರೆಗೆ ಕಾಯಬೇಕಾಯಿತು. ಆಕೆಯ ಹೆಸರು ಜೆನ್ ಪಾವೊಲ್.

ಪಂದ್ಯ ಮುಗಿದ ಮೇಲೆ ರಾತ್ರಿಯ ಊಟ. ಆ ದಿನ ಗಾಡಿಯ ಒಲೆಗೂ ರಜೆ ಇರಲಿ. 1990ರ ದಶಕದ ಯುದ್ಧದಿಂದ ಪಾರಾಗಿ ಬಂದ ಬೋಸ್ನಿಯಾದ ಮುಸ್ಲಿಮರು ಈ ನಗರದಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಬೆವೊ ಮಿಲ್ ಎಂಬ ಬಡಾವಣೆಯಲ್ಲಿ ಅವರ ಬೇಕರಿಗಳೂ ಊಟದ ಮನೆಗಳೂ ಇವೆ, ಸರಾಯೆವೊ ನಗರದ ಹಳೆಯ ಸಬೀಲ್‌ನ ಮಾದರಿಯಲ್ಲಿ ಕಟ್ಟಿದ ಕಾರಂಜಿಯೂ ಇದೆ. ಹಲಾಲ್ ಹೌದೇ ಎಂದು ಕೇಳಿ ಖಚಿತಪಡಿಸಿಕೊಂಡು, ಬಿಸಿ ರೊಟ್ಟಿಯೊಳಗೆ ಇಟ್ಟುಕೊಡುವ ಚೆವಾಪಿ ಕಬಾಬ್ ಕಟ್ಟಿಸಿಕೊಂಡರೆ ಆ ರಾತ್ರಿ ಯಾರೂ ಪಾತ್ರೆ ಉಜ್ಜಬೇಕಾಗಿಲ್ಲ.

ಕಮಾನಿನ ಪಾರ್ಕು

ಭಾನುವಾರ ಬೆಳಿಗ್ಗೆ ಪಾರ್ಕು. ಸ್ಟೇಡಿಯಮ್ಮಿನಿಂದಲೇ ಕಾಣುವ ಬೆಳ್ಳಿಬಣ್ಣದ ಕಮಾನು ಇರುವುದು ಗೇಟ್‌ವೇ ಆರ್ಚ್ ರಾಷ್ಟ್ರೀಯ ಉದ್ಯಾನದಲ್ಲಿ. ಇದಕ್ಕೆ ಈ ಹೆಸರು ಬಂದದ್ದು 2018ರಲ್ಲಿ. ವಾಸ್ತುಶಿಲ್ಪಿ ಈರೋ ಸಾರಿನೆನ್ ರೂಪಿಸಿದ ಕಮಾನು 1965ರ ಅಕ್ಟೋಬರ್ 28ರಂದು ಪೂರ್ಣಗೊಂಡಿತು. ಅದನ್ನು ನೋಡಲು ಅವರಿರಲಿಲ್ಲ, 1961ರಲ್ಲೇ ತೀರಿಕೊಂಡಿದ್ದರು. ಎತ್ತರ 630 ಅಡಿ, ಬುಡದಲ್ಲಿ ಅಗಲವೂ 630 ಅಡಿ. ನಮ್ಮ ವಿಜಯಪುರದ ಗೋಲಗುಮ್ಮಟದ ಮೂರೂವರೆ ಪಟ್ಟಿಗೂ ಹೆಚ್ಚು ಎತ್ತರ! ಇದರ ಆಕಾರವನ್ನು ಮಕ್ಕಳಿಗೆ ತೋರಿಸಲು ನಿಮ್ಮ ಕೊರಳ ಸರ ಸಾಕು. ಎರಡು ತುದಿ ಹಿಡಿದು ಜೋತುಬಿಡಿ, ಆ ಬಾಗು ತಲೆಕೆಳಗಾದರೆ ಹೆಚ್ಚುಕಡಿಮೆ ಇದೇ ಕಮಾನು.

ಒಳಗೆ ಪುಟ್ಟ ಡಬ್ಬಿಗಳಂತಹ ಟ್ರಾಮ್ ಇದೆ. ಒಂದೊಂದರಲ್ಲಿ ಐವರು. ನಾಲ್ಕು ನಿಮಿಷದಲ್ಲಿ ತುದಿಗೆ ಏರುತ್ತದೆ. ಮಂಡಿನೋವಿರುವ ತಾಯಂದಿರು ಗಮನಿಸಿ, ಟ್ರಾಮ್ ಇದ್ದರೂ ಮೆಟ್ಟಿಲು ಹತ್ತಿಳಿಯುವುದು ತಪ್ಪದು, ಡಬ್ಬಿಯೊಳಗೆ ಬಾಗಿ ಕೂರಬೇಕು. ಮೇಲೆ ಹೋಗಲಾಗದವರಿಗೆ ಕೆಳಗೆ ನೆಲದಡಿಯ ವಸ್ತುಸಂಗ್ರಹಾಲಯವಿದೆ, ಅದಕ್ಕೆ ಟಿಕೆಟ್ ಇಲ್ಲ. ಹೊರಗೆ ನದಿಯ ದಂಡೆಯಲ್ಲಿ ಹುಲ್ಲು, ಮರ, ನೆರಳು.

ಈ ಕಮಾನು ಪಶ್ಚಿಮದ ಕಡೆಗೆ ಹೊರಟ ವಲಸಿಗರ ನೆನಪಿಗೆ ಕಟ್ಟಿದ್ದು. 1840ರ ದಶಕದಿಂದ ಸಾವಿರಾರು ಕುಟುಂಬಗಳು ಬಟ್ಟೆಯ ಮಾಡಿನ ಎತ್ತಿನ ಬಂಡಿಗಳಲ್ಲಿ ಮಿಸೌರಿಯಿಂದ ಒರೆಗಾನ್ ಕಡೆಗೆ ಸುಮಾರು 3,200 ಕಿಲೋಮೀಟರ್ ಸಾಗಿದವು. ನಾಲ್ಕರಿಂದ ಆರು ತಿಂಗಳ ದಾರಿ. ಬಂಡಿ ತುಂಬ ಸಾಮಾನಿದ್ದುದರಿಂದ ಹೆಂಗಸರು-ಮಕ್ಕಳು ಹೆಚ್ಚಾಗಿ ನಡೆದೇ ಹೋಗುತ್ತಿದ್ದರು. ಸಂಜೆ ಬಂಡಿ ನಿಂತಾಗ ಗಂಡಸರು ಎತ್ತುಗಳನ್ನು ಬಿಚ್ಚಿ ದಣಿವಾರಿಸಿಕೊಂಡರೆ ಹೆಂಗಸರು ಒಲೆ ಹೂಡಬೇಕಿತ್ತು. ಮರವಿಲ್ಲದ ಬಯಲಿನಲ್ಲಿ ಸೌದೆ ಎಲ್ಲಿಯದು? ಒಣಗಿದ ಕಾಡೆಮ್ಮೆಯ ಸಗಣಿ ಆರಿಸಿ ತಂದು ಉರಿಸುತ್ತಿದ್ದರು, ನಮ್ಮ ಬೆರಣಿಯಂತೆ. ಗಾಲಿಯ ಮೇಲಿನ ಮನೆ ಹೊಸದಲ್ಲ, ಅದರಲ್ಲಿ ಹೆಂಗಸಿನ ದುಡಿಮೆಯೂ ಹೊಸದಲ್ಲ. ಆ ಬಂಡಿಗಳು ಸಾಗಿದ ನೆಲದಲ್ಲಿ ಮೊದಲೇ ಮೂಲನಿವಾಸಿಗಳಿದ್ದರು, ಅವರು ಆ ನೆಲವನ್ನು ಕಳೆದುಕೊಂಡರು ಎಂಬುದನ್ನೂ ಮಕ್ಕಳಿಗೆ ಹೇಳದೆ ಬಿಡಬಾರದು.

ಒಬ್ಬ ಅಗಸಗಿತ್ತಿಯ ಅರ್ಜಿ

ಅದೇ ಉದ್ಯಾನಕ್ಕೆ ಸೇರಿದ ಹಳೆಯ ನ್ಯಾಯಾಲಯದ ಕಟ್ಟಡವೊಂದಿದೆ. ದುರಸ್ತಿಯ ನಂತರ 2025ರ ಮೇ ತಿಂಗಳಲ್ಲಿ ಅದು ಮತ್ತೆ ತೆರೆದಿದೆ. ದಾಟಿ ಹೋಗುವ ಮುನ್ನ ಇಲ್ಲಿ ಸ್ವಲ್ಪ ನಿಲ್ಲಿ. ಡ್ರೆಡ್ ಸ್ಕಾಟ್ ಎಂಬ ಗುಲಾಮ 1846ರಲ್ಲಿ ತನ್ನ ಸ್ವಾತಂತ್ರ್ಯಕ್ಕಾಗಿ ಸೇಂಟ್ ಲೂಯಿಸ್‌ನ ನ್ಯಾಯಾಲಯಕ್ಕೆ ಹೋದ ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಅದೇ ವೇಳೆ ಅವನ ಪತ್ನಿ ಹ್ಯಾರಿಯೆಟ್ ಸ್ಕಾಟ್ ಕೂಡ ತನ್ನದೇ ಹೆಸರಿನಲ್ಲಿ ಪ್ರತ್ಯೇಕ ಅರ್ಜಿ ಹಾಕಿದ್ದಳು ಎಂಬುದನ್ನು ಮಾತ್ರ ಬಹಳ ಮಂದಿ ಮರೆತಿದ್ದಾರೆ. ಅವಳು ಬಟ್ಟೆ ಒಗೆದು ಬದುಕುತ್ತಿದ್ದವಳು, ಇಬ್ಬರು ಹೆಣ್ಣುಮಕ್ಕಳ ತಾಯಿ. ಆ ಕಾನೂನಿನಂತೆ ಮಕ್ಕಳು ತಾಯಿಯ ಸ್ಥಿತಿಯನ್ನೇ ಪಡೆಯುತ್ತಿದ್ದರು. ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರು. ಹಾಗಾಗಿ ಅವಳ ಅರ್ಜಿಯಲ್ಲಿ ಹೆಣ್ಣುಮಕ್ಕಳ ಬದುಕೇ ಅಡಗಿತ್ತು.

ಹನ್ನೊಂದು ವರ್ಷ ನಡೆದ ಹೋರಾಟ 1857ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಕುಟುಂಬಕ್ಕೆ ಬಿಡುಗಡೆ ದೊರೆಯಿತು. ಡ್ರೆಡ್ ಸ್ಕಾಟ್ ಮರುವರ್ಷವೇ ತೀರಿಕೊಂಡ. ಹ್ಯಾರಿಯೆಟ್ 1876ರವರೆಗೆ ಸ್ವತಂತ್ರಳಾಗಿ ಬದುಕಿದಳು. ಅವರಿಬ್ಬರ ಪ್ರತಿಮೆಯನ್ನು 2012ರಲ್ಲಿ ಕಟ್ಟಡದ ಬಳಿ ನಿಲ್ಲಿಸಲಾಗಿದೆ. ಇದೇ ನಗರದ ಹಳೆಯ ಬೇಸ್‌ಬಾಲ್ ಮೈದಾನದಲ್ಲಿ 1944ರವರೆಗೂ ಕರಿಯ ಪ್ರೇಕ್ಷಕರು ಬೇರೆಯೇ ಕೂರಬೇಕಿತ್ತು. 1947ರಲ್ಲಿ ಜ್ಯಾಕಿ ರಾಬಿನ್ಸನ್ ಬರುವವರೆಗೆ ಆಧುನಿಕ ಮೇಜರ್ ಲೀಗಿನಲ್ಲಿ ಕರಿಯರಿಗೆ ಆಡಲು ಎಡೆಯೇ ಇರಲಿಲ್ಲ. ಆಟ ನೋಡಿ ಬಂದ ಮಕ್ಕಳಿಗೆ ಈ ಮಾತು ಅಲ್ಲೇ, ಆ ಪ್ರತಿಮೆಯ ಎದುರೇ ಹೇಳಿದರೆ ಪಠ್ಯಪುಸ್ತಕದ ಒಂದು ಅಧ್ಯಾಯಕ್ಕಿಂತ ಹೆಚ್ಚು ನೆನಪಿರುತ್ತದೆ.

ಟ್ಯಾಂಕ್ ಖಾಲಿ ಮಾಡುವವರು ಯಾರು?

ಹೊರಡುವ ಮುನ್ನ ಒಂದು ಕೆಲಸ ಬಾಕಿ ಇರುತ್ತದೆ. ತುಂಬಿದ ಟ್ಯಾಂಕುಗಳನ್ನು ಖಾಲಿ ಮಾಡಬೇಕು. ಕೈಗೆ ಗ್ಲೌಸ್ ಹಾಕಿ, ದಪ್ಪ ಕೊಳವೆ ಜೋಡಿಸಿ, ಮೊದಲು ಕಪ್ಪು ನೀರು, ಆಮೇಲೆ ಬೂದು ನೀರು ಬಿಡಬೇಕು. ಹಾಗೆ ಮಾಡಿದರೆ ಸಾಬೂನಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಕುಡಿಯುವ ನೀರಿನ ಪೈಪನ್ನು ಈ ಕೆಲಸಕ್ಕೆ ಎಂದಿಗೂ ಬಳಸಬಾರದು. ಯಾರಿಗೂ ಇಷ್ಟವಾಗದ ಕೆಲಸ. ಆದರೆ ಕ್ಯಾಂಪ್‌ಗ್ರೌಂಡುಗಳಲ್ಲಿ ಇದನ್ನು ಮಾಡುತ್ತಾ ನಿಂತಿರುವವರು ಹೆಚ್ಚಾಗಿ ತಂದೆಯಂದಿರು. ಅದರಿಂದ ಅವರ ಗೌರವ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಹೊರಡುವ ಹಿಂದಿನ ರಾತ್ರಿಯೇ ಆ ಬೇಸ್‌ಬಾಲ್ ತಂಡದವರಂತೆ ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿ. ಟ್ಯಾಂಕಿನ ಕೆಲಸ ತಂದೆಗೆ. ನೀರು, ವಿದ್ಯುತ್ ಜೋಡಿಸುವುದು ದೊಡ್ಡ ಮಗನಿಗೆ. ದಾರಿ ಮತ್ತು ಸೇತುವೆಗಳ ಎತ್ತರ ನೋಡಿಕೊಳ್ಳುವುದು ಮಗಳಿಗೆ. ಕಪಾಟುಗಳ ಚಿಲಕ ಪರೀಕ್ಷಿಸುವುದು ಚಿಕ್ಕವರಿಗೆ. ಪಾತ್ರೆ ತೊಳೆಯಲು ಸರದಿ, ಅದರಲ್ಲಿ ಗಂಡುಮಕ್ಕಳ ಹೆಸರೂ ಇರಲಿ. ದಿನಕ್ಕೆ ಒಂದು ಹೊತ್ತು ಮಾತ್ರ ಗಾಡಿಯಲ್ಲಿ ಅಡುಗೆ. ಉಳಿದದ್ದು ಮನೆಯಿಂದ ತಂದ ಬುತ್ತಿ ಅಥವಾ ಹೊರಗಿನ ಊಟ. "ಟವೆಲ್ ಎಲ್ಲಿ?" ಎಂದು ತಾಯಿಯನ್ನು ಕೇಳುವಂತಿಲ್ಲ, ಪ್ರತಿಯೊಬ್ಬರ ಚೀಲ ಅವರವರ ಜವಾಬ್ದಾರಿ. ಊರಿನಿಂದ ಬಂದ ಅಜ್ಜಿಗೆ ಒಂದೇ ಕೆಲಸ, ರಾತ್ರಿ ಹುಲ್ಲಿನ ಮೇಲೆ ಕುಳಿತು ಕಥೆ ಹೇಳುವುದು.

ಇಷ್ಟಕ್ಕೆಲ್ಲ ಅಮೆರಿಕಕ್ಕೆ ಹೋಗಬೇಕೆಂದಿಲ್ಲ, ಲಕ್ಷಾಂತರ ಬೆಲೆಯ ಗಾಡಿಯೂ ಬೇಕಿಲ್ಲ. ಮುಂದಿನ ರಜೆಯಲ್ಲಿ ನೀವು ಒಂದು ದಿನ ಕಡಲ ತೀರಕ್ಕೆ ಹೊರಟರೂ ಆ ಪಟ್ಟಿಯನ್ನು ಬರೆಯಬಹುದು. ಬಿರಿಯಾನಿ ನೀವೇ ಮಾಡಿ, ನಿಮ್ಮ ಕೈರುಚಿ ಯಾರಿಗೂ ಬರಲಾರದು. ಆದರೆ ಈರುಳ್ಳಿ ಹೆಚ್ಚುವ ಕೈ ಬೇರೆಯದಾಗಲಿ, ಪಾತ್ರೆ ಉಜ್ಜುವ ಕೈ ಇನ್ನೊಬ್ಬರದಾಗಲಿ. ಹೊರಡುವ ಮೊದಲು ಮನೆಯವರನ್ನೆಲ್ಲ ಕೂರಿಸಿ, ಈ ಸಲ ಎಲ್ಲಿಗೆ ಹೋಗಬೇಕೆಂದು ನಿಮಗಿದೆಯೋ ಅದನ್ನು ನೀವೇ ಮೊದಲು ಹೇಳಿ. ಇಷ್ಟು ವರ್ಷ ಯಾರೂ ಕೇಳಿರಲಿಕ್ಕಿಲ್ಲ. ಕೇಳುವವರೆಗೆ ಕಾಯಬೇಡಿ.